ಎಡೆದೊರೆ ನಾಡಿನ ನದಿಗಳು: ಅಣೆಕಟ್ಟು, ಮರಳು ಮತ್ತು ನದಿಯ ಪಾಲು

೧

ಕೃಷ್ಣಾ ಮತ್ತು ತುಂಗಭದ್ರಾ ನದಿಗಳ ನಡುವಣ ಭೂಭಾಗವನ್ನು ನಮ್ಮ ಪ್ರಾಚೀನ ಶಾಸನಗಳು ‘ಎಡೆದೊರೆ ನಾಡು’ ಎಂದು ಕರೆದಿವೆ. ‘ಎಡೆದೊರೆ ಎರಡು ಸಾವಿರ’ ಎಂಬುದು ಚಾಲುಕ್ಯರ ಕಾಲದ ಆಡಳಿತ ವಿಭಾಗದ ಹೆಸರು. ಈ ನಾಡನ್ನು ಗೆದ್ದೆನೆಂದು ಹೇಳಿಕೊಂಡ ಚೋಳ ರಾಜೇಂದ್ರನ ತಮಿಳು ಶಾಸನಗಳಲ್ಲಿ ಇದೇ ಹೆಸರು ‘ಇಡೈತುರೈ ನಾಡು’ ಎಂಬ ರೂಪದಲ್ಲಿ ಕಾಣಿಸಿಕೊಳ್ಳುತ್ತದೆ. ‘ಎಡೆ’ ಎಂದರೆ ನಡುವಣ ಸ್ಥಳ. ‘ತೊರೆ’ ಎಂದರೆ ಹೊಳೆ. ಇಂದಿನ ರಾಯಚೂರು, ದೇವದುರ್ಗ, ಮಾನವಿ ತಾಲ್ಲೂಕುಗಳು ಈ ನಾಡಿನ ಮೂಡಣ ಭಾಗದಲ್ಲಿವೆ. ದೇವದುರ್ಗಕ್ಕೆ ಕೃಷ್ಣೆಯೂ, ಮಾನವಿಗೆ ತುಂಗಭದ್ರೆಯೂ, ರಾಯಚೂರಿಗೆ ಎರಡೂ ನದಿಗಳೂ ಮೇರೆಯಾಗಿವೆ. ನಾಡಿಗೆ ಅರಸರಿಂದಾಗಲಿ ಬೆಟ್ಟದಿಂದಾಗಲಿ ಹೆಸರು ಬಾರದೆ ನದಿಗಳಿಂದಲೇ ಹೆಸರು ಬಂದಿರುವುದು ಗಮನಾರ್ಹವಾದ ಸಂಗತಿ.

ಹೀಗಿದ್ದರೂ ಈ ನಾಡಿನ ಚರಿತ್ರೆಯನ್ನು ಬರೆದವರು ನದಿಯನ್ನು ಕುರಿತು ಬರೆದುದು ಅಲ್ಪವೇ ಸರಿ. ಬಹಮನಿ ಸುಲ್ತಾನರಿಗೂ ವಿಜಯನಗರದ ಅರಸರಿಗೂ ಎರಡು ಶತಮಾನಗಳ ಕಾಲ ನಡೆದ ಕದನಗಳು, ೧೫೨೦ರಲ್ಲಿ ಕೃಷ್ಣದೇವರಾಯನು ಇಸ್ಮಾಯಿಲ್ ಆದಿಲಶಾಹನನ್ನು ಸೋಲಿಸಿ ರಾಯಚೂರು ಕೋಟೆಯನ್ನು ಹಿಡಿದುದು, ೧೮೫೩ರಲ್ಲಿ ನಿಜಾಮನು ಈ ಸೀಮೆಯನ್ನು ಕಂಪನಿ ಸರಕಾರಕ್ಕೆ ಬಿಟ್ಟುಕೊಟ್ಟು ೧೮೬೦ರಲ್ಲಿ ಮರಳಿ ಪಡೆದುದು, ಇವೆಲ್ಲ ನಮ್ಮ ಪಠ್ಯಗಳಲ್ಲಿ ವಿವರವಾಗಿ ಬಂದಿವೆ. ಅವುಗಳಲ್ಲಿ ನದಿಯು ಸೈನ್ಯವು ದಾಟಬೇಕಾದ ಒಂದು ಅಡ್ಡಿ. ಸೋತವರು ಬಿದ್ದು ಮುಳುಗಿದ ಒಂದು ಮಡು. ಪೋರ್ತುಗೀಸ್ ಲೇಖಕ ನೂನಿಜನು ರಾಯಚೂರು ಕದನವನ್ನು ವರ್ಣಿಸುವಾಗ, ಓಡಿಹೋದ ಆದಿಲಶಾಹಿ ಸೈನಿಕರು ಕೃಷ್ಣೆಯ ಪ್ರವಾಹಕ್ಕೆ ಸಿಕ್ಕಿದ ಬಗೆಯನ್ನು ಹೇಳುತ್ತಾನೆ. ಅಲ್ಲಿಗೆ ನದಿಯ ಮಾತು ಮುಗಿಯಿತು. ಇಪ್ಪತ್ತನೆಯ ಶತಮಾನದಲ್ಲಿ ಅರಸರ ಸ್ಥಾನಕ್ಕೆ ಸರಕಾರಗಳು ಬಂದುವು. ನಾಡಿಗಾಗಿ ನಡೆದ ಕಲಹವು ನೀರಿಗಾಗಿ ನಡೆದ ವ್ಯವಹಾರವಾಯಿತು. ಆಗಲೂ ನದಿಯು ಹಂಚಿಕೊಳ್ಳಬೇಕಾದ ಒಂದು ಮೊತ್ತವಾಯಿತೇ ಹೊರತು, ತನ್ನದೇ ಆದ ಜೀವನವುಳ್ಳ ವಸ್ತುವೆಂದು ಪರಿಗಣಿತವಾಗಲಿಲ್ಲ.

ಈ ಲೇಖನದ ಉದ್ದೇಶ ಆ ಕೊರತೆಯನ್ನು ಕಿಂಚಿತ್ತಾದರೂ ತುಂಬುವುದು. ಎಡೆದೊರೆಯ ನದಿಗಳನ್ನು ಜನರು ಬೇರೆ ಬೇರೆ ಕಾಲಗಳಲ್ಲಿ ಹೇಗೆ ತಡೆದರು, ಹೇಗೆ ತಿರುಗಿಸಿದರು, ಅದರಿಂದ ನದಿಗೂ ಅದನ್ನು ಆಶ್ರಯಿಸಿದ ಜೀವಿಗಳಿಗೂ ಏನಾಯಿತು, ಇಂದು ನದಿಯನ್ನು ಮತ್ತೆ ಸ್ವಸ್ಥಸ್ಥಿತಿಗೆ ತರಬೇಕೆನ್ನುವವರಿಗೆ ಚರಿತ್ರೆಯು ಯಾವ ಸಹಾಯವನ್ನು ಮಾಡಬಲ್ಲುದು ಎಂಬಿವನ್ನು ಇಲ್ಲಿ ವಿಚಾರಿಸಲಾಗಿದೆ.

೨

ತುಂಗಭದ್ರೆಗೆ ವಿಜಯನಗರದ ಕಾಲದಲ್ಲಿ ಕಟ್ಟಿದ ಅಣೆಕಟ್ಟುಗಳು ಮತ್ತು ಅವುಗಳಿಂದ ಹೊರಟ ಕಾಲುವೆಗಳು ಪ್ರಸಿದ್ಧವಾಗಿವೆ. ಹೊಸಪೇಟೆಯ ಬಳಿಯ ತುರ್ತಾ ಕಾಲುವೆ, ಬಸವಣ್ಣ ಕಾಲುವೆ, ರಾಯ ಕಾಲುವೆ, ಮುಂದೆ ರಾಮಸಾಗರ, ಕಂಪ್ಲಿ, ಸಿರುಗುಪ್ಪ, ದೇಶನೂರು ಕಾಲುವೆಗಳು ಬಲದಂಡೆಯಲ್ಲಿವೆ. ಎಡದಂಡೆಯಲ್ಲಿ ಹುಲಿಗಿ, ಶಿವಪುರ, ಆನೆಗೊಂದಿ, ಗಂಗಾವತಿಯ ಮೇಲಣ ಮತ್ತು ಕೆಳಗಣ ಕಾಲುವೆಗಳೂ, ರಾಯಚೂರು ತಾಲ್ಲೂಕಿನಲ್ಲಿ ಬಿಚ್ಚಾಲಿ ಕಾಲುವೆಯೂ ಇವೆ. ಒಟ್ಟಿನಲ್ಲಿ ಸುಮಾರು ಹದಿನಾರು ಕಾಲುವೆಗಳು. ಐದು ಶತಮಾನಗಳ ಬಳಿಕವೂ ಇವುಗಳಿಂದ ಗದ್ದೆ ತೋಟಗಳಿಗೆ ನೀರು ಹರಿಯುತ್ತಿದೆಯೆಂಬುದು ಆಶ್ಚರ್ಯದ ವಿಷಯ. ಬಿಚ್ಚಾಲಿಯು ಮಂತ್ರಾಲಯದ ಶ್ರೀ ರಾಘವೇಂದ್ರತೀರ್ಥರ ಶಿಷ್ಯರಾದ ಅಪ್ಪಣಾಚಾರ್ಯರ ಊರೆಂದು ಅನೇಕರಿಗೆ ತಿಳಿದಿದೆ. ಅಲ್ಲಿ ಒಂದು ಪ್ರಾಚೀನ ಕಾಲುವೆಯೂ ಇದೆಯೆಂಬುದು ಅಷ್ಟು ಜನರಿಗೆ ತಿಳಿಯದು.

ಈ ಅಣೆಕಟ್ಟುಗಳ ರಚನಾಕ್ರಮವನ್ನು ಗಮನಿಸಬೇಕು. ಇವು ನದಿಗೆ ನೇರವಾಗಿ ಅಡ್ಡಗಟ್ಟಿದ ಎತ್ತರದ ಗೋಡೆಗಳಲ್ಲ. ನದೀಪಾತ್ರದಲ್ಲಿ ಸಹಜವಾಗಿ ಎದ್ದುನಿಂತ ಬಂಡೆಗಳನ್ನೂ ನಡುಗಡ್ಡೆಗಳನ್ನೂ ಆಧಾರವಾಗಿಟ್ಟುಕೊಂಡು, ಅವುಗಳ ನಡುವೆ ದೊಡ್ಡ ಕಲ್ಲುಗಳನ್ನು ಓರೆಯಾಗಿ ಜೋಡಿಸಿ, ನೀರಿನ ಮಟ್ಟವನ್ನು ಕಾಲುವೆಯ ಬಾಯಿಗೆ ಬೇಕಾದಷ್ಟು ಮಾತ್ರ ಏರಿಸುವ ತಗ್ಗು ಕಟ್ಟೆಗಳಿವು. ಮಳೆಗಾಲದ ನೆರೆಯು ಇವುಗಳನ್ನು ಮುಳುಗಿಸಿ ಮೇಲೆ ಹರಿದುಹೋಗುತ್ತದೆ. ಬೇಸಗೆಯಲ್ಲಿಯೂ ಕಲ್ಲುಗಳ ಸಂದುಗಳಿಂದ ಸ್ವಲ್ಪ ನೀರು ಜಿನುಗುತ್ತದೆ. ನೆರೆಯೊಡನೆ ಮರಳೂ ಮಣ್ಣೂ ಕೆಳಕ್ಕೆ ಸಾಗುತ್ತವೆ. ಮೀನುಗಳು ಮೊಟ್ಟೆಯಿಡಲು ಮೇಲಕ್ಕೆ ಏರುತ್ತವೆ. ಎಂದರೆ ಇವು ನದಿಯಿಂದ ನೀರನ್ನು ಪಡೆದುವು, ನದಿಯನ್ನು ನಿಲ್ಲಿಸಲಿಲ್ಲ.

ಇದರಿಂದ ನಮ್ಮ ಪೂರ್ವಿಕರು ಇಂದಿನ ಅರ್ಥದಲ್ಲಿ ಪರಿಸರಪ್ರಜ್ಞೆಯುಳ್ಳವರಾಗಿದ್ದರೆಂದು ಹೇಳಹೊರಡುವುದು ಉಚಿತವಲ್ಲ. ತುಂಗಭದ್ರೆಯಂತಹ ಮಹಾನದಿಯನ್ನು ಪೂರ್ತಿಯಾಗಿ ತಡೆಯುವ ಸಾಧನವು ಅವರಲ್ಲಿರಲಿಲ್ಲ. ಇದ್ದಿದ್ದರೆ ತಡೆಯುತ್ತಿದ್ದರೋ ಏನೋ ಹೇಳಬಲ್ಲವರಾರು? ಚರಿತ್ರೆಯನ್ನು ಬರೆಯುವವನು ಅಸಾಮರ್ಥ್ಯವನ್ನು ಸದ್ಗುಣವೆಂದು ವರ್ಣಿಸಬಾರದು. ಆದರೆ ಒಂದು ವಿಷಯದಲ್ಲಿ ಅವರ ವಿವೇಕವು ಶಾಸನಗಳಿಂದ ಸ್ಪಷ್ಟವಾಗಿ ತಿಳಿದುಬರುತ್ತದೆ. ನೀರಿನ ಯಾವ ಕಟ್ಟಡವೂ ಒಮ್ಮೆ ಕಟ್ಟಿ ಮರೆಯತಕ್ಕುದಲ್ಲ, ಅದಕ್ಕೆ ನಿರಂತರವಾದ ಪೋಷಣೆ ಬೇಕು ಎಂಬುದನ್ನು ಅವರು ಬಲ್ಲರು. ಕೆರೆಯನ್ನು ಕಟ್ಟಿಸಿದವನು ಅದರ ದುರಸ್ತಿಗಾಗಿ ಭೂಮಿಯನ್ನೋ ಉತ್ಪನ್ನದ ಪಾಲನ್ನೋ ಬಿಡುತ್ತಿದ್ದನು. ಇದನ್ನು ‘ಬಿತ್ತುವಟ್ಟ’ ಎನ್ನುತ್ತಿದ್ದರು. ಕಟ್ಟಿಸಿದವನಿಗೂ ಕಾಪಾಡಿದವನಿಗೂ ‘ಕಟ್ಟುಗೊಡಗೆ’, ‘ದಶವಂದ’ ಎಂಬ ಮಾನ್ಯಗಳು ದೊರೆಯುತ್ತಿದ್ದುವು. ಹೂಳೆತ್ತುವ ಬಂಡಿಗಾಗಿಯೂ ದತ್ತಿಗಳುಂಟು. ಕಡಪ ಜಿಲ್ಲೆಯ ಪೋರುಮಾಮಿಳ್ಳದ ೧೩೬೯ರ ಶಾಸನವು ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಅದಕ್ಕೆ ಒದಗಬಹುದಾದ ಆರು ದೋಷಗಳನ್ನೂ ಎಣಿಸಿ ಹೇಳುತ್ತದೆ. ಫಲವನ್ನು ಉಣ್ಣುವವರು ಮೊದಲು ಮೂಲದ ಪಾಲನ್ನು ತೆಗೆದಿಡಬೇಕೆಂಬುದು ಈ ಎಲ್ಲ ಏರ್ಪಾಡುಗಳ ತಿರುಳು. ಈ ತತ್ತ್ವವನ್ನು ಓದುಗರು ನೆನಪಿನಲ್ಲಿಡಬೇಕೆಂದು ಕೋರುತ್ತೇನೆ. ಮುಂದೆ ಅದು ಪ್ರಯೋಜನಕ್ಕೆ ಬರುತ್ತದೆ.

ಆ ಕಾಲದಲ್ಲಿ ನದಿಯನ್ನು ಬಳಸುತ್ತಿದ್ದವರು ರೈತರು ಮಾತ್ರವಲ್ಲ. ೧೫೨೦ರ ಸುಮಾರಿಗೆ ಬಂದ ಪೇಸ್ ಎಂಬ ಪೋರ್ತುಗೀಸನು, ಬೆತ್ತದಿಂದ ಹೆಣೆದು ತೊಗಲು ಹೊದಿಸಿದ ಬುಟ್ಟಿಯಾಕಾರದ ದೋಣಿಗಳಲ್ಲಿ ಜನರೂ ದನಕುದುರೆಗಳೂ ಆನೆಗೊಂದಿಯ ಹೊಳೆಯನ್ನು ದಾಟುತ್ತಿದ್ದುದನ್ನು ಕಂಡು ಬರೆದಿದ್ದಾನೆ. ಅದೇ ಹರಿಗೋಲು ನಮ್ಮ ಕಾಲದವರೆಗೂ ಕೃಷ್ಣೆಯ ನಡುಗಡ್ಡೆಯಾದ ಕುರುವಗಡ್ಡೆಗೆ ಯಾತ್ರಿಕರನ್ನು ಸಾಗಿಸಿದೆ. ಅಂಬಿಗರು, ಮೀನುಗಾರರು, ಅಗಸರು, ಬೇಸಗೆಯ ಮರಳಿನಲ್ಲಿ ಕಲ್ಲಂಗಡಿ ಸೌತೆಗಳನ್ನು ಬೆಳೆಯುವವರು, ದಡದ ಮಠ ಗುಡಿಗಳಿಗೆ ಬರುವ ಭಕ್ತರು, ಇವರೆಲ್ಲರಿಗೂ ಹೊಳೆಯು ಹರಿಯುತ್ತಿರಬೇಕಾಗಿತ್ತು. ದಾಸಸಾಹಿತ್ಯದ ಇತಿಹಾಸವನ್ನು ಬಲ್ಲವರಿಗೆ ಈ ದಡಗಳ ಮಹಿಮೆ ಹೊಸದಲ್ಲ. ವಿಜಯದಾಸರು ಹುಟ್ಟಿದ ಚೀಕಲಪರವಿಯು ಮಾನವಿ ತಾಲ್ಲೂಕಿನಲ್ಲಿ ತುಂಗಭದ್ರೆಯ ತೀರದಲ್ಲಿದೆ, ಗೋಪಾಲದಾಸರ ಮೊಸರುಕಲ್ಲು ದೇವದುರ್ಗ ಸೀಮೆಯಲ್ಲಿದೆ, ಜಗನ್ನಾಥದಾಸರು ಮಾನವಿಯವರು. ಕೃಷ್ಣೆಯ ದಡದ ಕೊಪ್ಪರದ ನರಸಿಂಹಕ್ಷೇತ್ರವೂ ಹಾಗೆಯೇ ಪ್ರಸಿದ್ಧವಾದುದು.

೩

೧೮೭೬–೭೮ರ ಮಹಾಕ್ಷಾಮದಲ್ಲಿ ಈ ಸೀಮೆಯು ಅನುಭವಿಸಿದ ಯಾತನೆಯನ್ನು ಮರೆತು ನೀರಾವರಿಯ ಚರಿತ್ರೆಯನ್ನು ಬರೆಯಲಾಗದು. ಎರಡು ಹೊಳೆಗಳ ನಡುವೆ ಇದ್ದೂ ಇಲ್ಲಿನ ಜನರು ಅನ್ನವಿಲ್ಲದೆ ಸತ್ತರು. ನದಿಯು ತಗ್ಗಿನಲ್ಲಿ ಹರಿಯುತ್ತಿತ್ತು, ಹೊಲಗಳು ಮೇಲಿದ್ದುವು. ತುಂಗಭದ್ರೆಗೆ ದೊಡ್ಡ ಜಲಾಶಯವನ್ನು ಕಟ್ಟಬೇಕೆಂಬ ಬೇಡಿಕೆಯು ಈ ದುಃಖದಿಂದ ಹುಟ್ಟಿದುದು. ಆದುದರಿಂದ ಅದನ್ನು ಇಂದಿನ ದೃಷ್ಟಿಯಿಂದ ಹಳಿಯುವುದು ಅನ್ಯಾಯವಾಗುತ್ತದೆ.

೧೯೪೪ರಲ್ಲಿ ಮದರಾಸು ಮತ್ತು ಹೈದರಾಬಾದು ಸರಕಾರಗಳು ತುಂಗಭದ್ರೆಯ ನೀರನ್ನು ಸಮಭಾಗವಾಗಿ ಹಂಚಿಕೊಳ್ಳಲು ಒಪ್ಪಿದುವು. ೧೯೪೫ರ ಫೆಬ್ರವರಿ ೨೮ರಂದು ಶಂಕುಸ್ಥಾಪನೆಯಾಯಿತು. ೧೯೫೩ರ ಜುಲೈ ತಿಂಗಳಲ್ಲಿ ಕಾಲುವೆಗಳಿಗೆ ನೀರು ಹರಿಯಿತು. ೩೩ ಬಾಗಿಲುಗಳುಳ್ಳ ಈ ಅಣೆಕಟ್ಟಿನ ಎಡದಂಡೆಯ ಕಾಲುವೆಯು ಸುಮಾರು ೨೨೭ ಕಿಲೋಮೀಟರು ಸಾಗಿ ಗಂಗಾವತಿ, ಸಿಂಧನೂರು, ಮಾನವಿಗಳ ಮೂಲಕ ರಾಯಚೂರಿನ ಸೀಮೆಯನ್ನು ತಲಪುತ್ತದೆ. ವಿಜಯನಗರದ ಕಾಲದ ವಲ್ಲಭಾಪುರದ ಅಣೆಯು ಈ ಜಲಾಶಯದಲ್ಲಿಯೇ ಮುಳುಗಿತು. ಹಳೆಯ ವ್ಯವಸ್ಥೆಯು ಹೊಸದರ ತಳದಲ್ಲಿ ಮಲಗಿರುವುದು ಒಂದು ಯುಗಾಂತರದ ಗುರುತೆನ್ನಬಹುದು.

ಇದೇ ಕಾಲದ ಮತ್ತೊಂದು ಕೆಲಸ ಮಾನವಿ ತಾಲ್ಲೂಕಿನ ರಾಜೋಳಿಬಂಡಾದಲ್ಲಿದೆ. ನಿಜಾಮ್ ಸರಕಾರದ ಕಾಲದಲ್ಲಿ ಆರಂಭವಾಗಿ ೧೯೫೦ರ ದಶಕದಲ್ಲಿ ಪೂರ್ಣಗೊಂಡ ಈ ಅಣೆಯಿಂದ ಹೊರಡುವ ಕಾಲುವೆಯ ಉದ್ದ ೧೪೩ ಕಿಲೋಮೀಟರು. ಅದರಲ್ಲಿ ಮೊದಲಿನ ಸುಮಾರು ೪೩ ಕಿಲೋಮೀಟರು ಮಾತ್ರ ಕರ್ನಾಟಕದಲ್ಲಿದೆ. ಇದಕ್ಕೆ ನಿಗದಿಯಾದ ನೀರು ೧೭.೧ ಟಿ.ಎಂ.ಸಿ.; ಒಂದು ಟಿ.ಎಂ.ಸಿ. ಎಂದರೆ ನೂರು ಕೋಟಿ ಘನ ಅಡಿ. ಇದರಲ್ಲಿ ೧೫.೯ ಇಂದು ತೆಲಂಗಾಣಕ್ಕೆ ಸೇರಿದ ಆಲಂಪುರ ಗದ್ವಾಲ ಸೀಮೆಯ ೮೭,೫೦೦ ಎಕರೆಗಳಿಗೂ, ೧.೨ ಕರ್ನಾಟಕದ ೫,೮೭೯ ಎಕರೆಗಳಿಗೂ ಸಲ್ಲತಕ್ಕುದು. ೧೯೫೬ರ ರಾಜ್ಯ ಪುನರ್ವಿಂಗಡಣೆಗೆ ಮೊದಲು ಇವೆಲ್ಲ ಒಂದೇ ಹೈದರಾಬಾದು ಸಂಸ್ಥಾನದ ತಾಲ್ಲೂಕುಗಳಾಗಿದ್ದುವು. ಗಡಿಗಳು ಬದಲಾದುವು, ಅಣೆಯು ಇದ್ದಲ್ಲಿಯೇ ಉಳಿಯಿತು. ಆ ಬಳಿಕ ಅದರ ಎತ್ತರದ ವಿಷಯವಾಗಿ, ಸೋರಿಕೆಯ ವಿಷಯವಾಗಿ ಹಲವು ವಿವಾದಗಳು ನಡೆದಿವೆ. ಆ ಅಂಕಿಗಳನ್ನು ಕೂಡಿಸಿ ನೋಡಿದರೆ ೧೫.೯ಕ್ಕೆ ೧.೨ ಸೇರಿ ೧೭.೧ ಆಗುತ್ತದೆ, ಲೆಕ್ಕ ಸರಿಯಾಗಿದೆ. ಆದರೆ ಆ ಲೆಕ್ಕದಲ್ಲಿ ನದಿಗೆ ಸೊನ್ನೆ.

ಇದೇ ಮಾತು ಇಡೀ ಕೃಷ್ಣಾ ಕೊಳ್ಳಕ್ಕೂ ಅನ್ವಯಿಸುತ್ತದೆ. ೧೯೬೯ರಲ್ಲಿ ನೇಮಕಗೊಂಡ ಬಚಾವತ್ ನ್ಯಾಯಾಧಿಕರಣವು ೧೯೭೬ರಲ್ಲಿ ಅಂತಿಮವಾಗಿ ೨,೦೬೦ ಟಿ.ಎಂ.ಸಿ. ನೀರನ್ನು ಮಹಾರಾಷ್ಟ್ರಕ್ಕೆ ೫೬೦, ಕರ್ನಾಟಕಕ್ಕೆ ೭೦೦, ಆಂಧ್ರಪ್ರದೇಶಕ್ಕೆ ೮೦೦ ಎಂದು ಹಂಚಿತು. ಸಮುದ್ರಕ್ಕೆ ಹರಿದ ನೀರು ವ್ಯರ್ಥವಾದ ನೀರು ಎಂಬ ಭಾವನೆಯು ಆ ಕಾಲದ ಅಧಿಕಾರಿಗಳಲ್ಲಿಯೂ ರೈತರಲ್ಲಿಯೂ ಪತ್ರಿಕೆಗಳಲ್ಲಿಯೂ ಸಮಾನವಾಗಿತ್ತು. ೧೯೬೪ರಲ್ಲಿ ಲಾಲ್ ಬಹಾದ್ದೂರ ಶಾಸ್ತ್ರಿಯವರು ಶಂಕುಸ್ಥಾಪನೆ ಮಾಡಿದ ಕೃಷ್ಣಾ ಮೇಲ್ದಂಡೆ ಯೋಜನೆಯ ಆಲಮಟ್ಟಿ, ನಾರಾಯಣಪುರ ಅಣೆಕಟ್ಟುಗಳು ಮುಂದೆ ಸಿದ್ಧವಾದುವು. ನಾರಾಯಣಪುರದ ಬಲದಂಡೆಯ ಕಾಲುವೆಯಿಂದ ದೇವದುರ್ಗದ ಒಣಭೂಮಿಗೆ ನೀರು ಬಂದುದು ಆ ತಾಲ್ಲೂಕಿನ ಬಾಳಿನಲ್ಲಿ ದೊಡ್ಡ ಮಾರ್ಪಾಡು.

೪

ಈಗ ನದಿಯ ಕಡೆಯಿಂದ ಇದನ್ನು ನೋಡೋಣ. ನದಿಯು ಹೊತ್ತು ತರುವುದು ನೀರನ್ನು ಮಾತ್ರವಲ್ಲ. ಮರಳು, ಮೆಕ್ಕಲುಮಣ್ಣು, ಕಾಲಕಾಲಕ್ಕೆ ಏರಿಳಿಯುವ ಪ್ರವಾಹದ ಲಯ, ಇವೂ ಅದರ ಸಂಪತ್ತುಗಳು. ತುಂಗಭದ್ರಾ ಜಲಾಶಯದ ಸಾಮರ್ಥ್ಯವು ಆರಂಭದಲ್ಲಿ ಸುಮಾರು ೧೩೩ ಟಿ.ಎಂ.ಸಿ. ಆಗಿತ್ತು, ೨೦೧೬ರ ಅಳತೆಯಂತೆ ಅದು ೧೦೫.೭೮೮ಕ್ಕೆ ಇಳಿದಿದೆ. ಎಂದರೆ ಅರುವತ್ತಮೂರು ವರ್ಷಗಳಲ್ಲಿ ಸುಮಾರು ೨೭ ಟಿ.ಎಂ.ಸಿ. ಸ್ಥಳವನ್ನು ಹೂಳು ತುಂಬಿತು. ಇದನ್ನು ನಾವು ಜಲಾಶಯಕ್ಕಾದ ನಷ್ಟವೆಂದು ಮಾತ್ರ ಎಣಿಸುತ್ತೇವೆ. ಆದರೆ ಆ ಹೂಳು ಅಲ್ಲಿ ನಿಲ್ಲದಿದ್ದರೆ ಕೆಳಗಣ ನದೀಪಾತ್ರಕ್ಕೂ ದಡದ ಬಯಲಿಗೂ ಹೋಗಬೇಕಾಗಿದ್ದ ವಸ್ತು. ಮೇಲೆ ಕೂಡಿದ ಹೂಳೂ ಕೆಳಗೆ ಉಂಟಾದ ಮರಳಿನ ಕೊರತೆಯೂ ಒಂದೇ ಖಾತೆಯ ಎರಡು ಪುಟಗಳು. ಮಾನವಿಯ ಭಾಗಕ್ಕೆ ಹಗರಿಯು ಸೇರಿ ಇನ್ನೂ ಸ್ವಲ್ಪ ಮರಳನ್ನು ತರುತ್ತದೆ; ಆದರೆ ಅದರ ಮೇಲ್ಭಾಗವಾದ ವೇದಾವತಿಗೂ ವಾಣೀವಿಲಾಸ ಸಾಗರದ ಕಟ್ಟೆಯಿದೆ. ಕೃಷ್ಣೆಯ ವಿಷಯವೂ ಇದೇ: ದೇವದುರ್ಗವನ್ನು ಮುಟ್ಟುವ ಮೊದಲೇ ಅದರ ಮೆಕ್ಕಲು ಆಲಮಟ್ಟಿ ನಾರಾಯಣಪುರಗಳಲ್ಲಿ ತಂಗುತ್ತದೆ.

ಹೀಗೆ ಹೊಸ ಮರಳಿನ ಬರವು ಕುಗ್ಗಿದ ಕಾಲದಲ್ಲಿಯೇ ಹಳೆಯ ಮರಳಿನ ಬೇಡಿಕೆಯು ಹೆಚ್ಚಿತು. ನಗರಗಳು ಬೆಳೆದಂತೆ ದೇವದುರ್ಗದ ಕೃಷ್ಣಾತೀರದಲ್ಲಿಯೂ ಮಾನವಿಯ ತುಂಗಭದ್ರಾತೀರದಲ್ಲಿಯೂ ಮರಳನ್ನು ಅಗೆದು ಸಾಗಿಸುವುದು ಒಂದು ಉದ್ಯಮವಾಯಿತು. ಅದರಲ್ಲಿ ಅಕ್ರಮವಾದುದೂ ಸೇರಿತು. ೨೦೧೮ರ ಡಿಸೆಂಬರಿನಲ್ಲಿ ಚೀಕಲಪರವಿಯ ಬಳಿ ಮರಳಿನ ಲಾರಿಯನ್ನು ತಡೆಯಲು ಹೋದ ಒಬ್ಬ ಗ್ರಾಮಲೆಕ್ಕಿಗರು ಅದೇ ಲಾರಿಯ ಅಡಿಗೆ ಸಿಕ್ಕಿ ಪ್ರಾಣವನ್ನು ಕಳೆದುಕೊಂಡರು. ವಿಜಯದಾಸರು ಹುಟ್ಟಿದ ಊರಿನ ಹೊಳೆಯ ದಂಡೆಯಲ್ಲಿ, ಹೊಳೆಯ ಮರಳನ್ನು ಕಾಯಲು ಹೋದವನು ಸಾಯಬೇಕಾಯಿತು. ಇದಕ್ಕಿಂತ ಹೆಚ್ಚಾಗಿ ಈ ವಿಷಯದ ಗುರುತ್ವವನ್ನು ತೋರಿಸುವ ಮಾತು ಬೇಕಾಗಿಲ್ಲ.

ಮರಳು ನಿರ್ಜೀವ ವಸ್ತುವೆಂಬ ನಮ್ಮ ಎಣಿಕೆಯೇ ತಪ್ಪು. ಮಳೆಗಾಲದಲ್ಲಿ ಅದು ನೀರನ್ನು ಹೀರಿಕೊಂಡು ಬೇಸಗೆಯಲ್ಲಿ ಸ್ವಲ್ಪಸ್ವಲ್ಪವಾಗಿ ಬಿಡುತ್ತದೆ. ದಡದ ಬಾವಿಗಳಲ್ಲಿ ನೀರು ನಿಲ್ಲುವುದು ಅದರಿಂದ. ಒರತೆ ತೋಡಿ ನೀರು ತುಂಬುವ ಹೆಂಗಸರಿಗೆ ಇದು ಪುಸ್ತಕದಿಂದ ಕಲಿತ ಪಾಠವಲ್ಲ. ಮೊಸಳೆಯೂ ಆಮೆಯೂ ಮೊಟ್ಟೆಗಳನ್ನು ಹುಗಿಯುವುದು ಮರಳಿನ ದಿಣ್ಣೆಗಳಲ್ಲಿ; ರೀವ ಹಕ್ಕಿಗಳು ಬೇಸಗೆಯಲ್ಲಿ ಗೂಡುಮಾಡುವುದು ಹೊಳೆಯ ನಡುವಣ ಬರಿಯ ಮರಳಿನ ಮೇಲೆ. ಮರಳು ಹೋದ ಕಡೆ ಪಾತ್ರವು ಆಳವಾಗುತ್ತದೆ, ದಡವು ಕುಸಿಯುತ್ತದೆ, ಅಗೆದ ಹೊಂಡಗಳಲ್ಲಿ ಈಜಲು ಹೋದ ಮಕ್ಕಳು ಮುಳುಗುತ್ತಾರೆ. ದಡದಲ್ಲಿ ಹೊಳೆಮತ್ತಿ, ನೇರಳೆ, ಹೊಂಗೆ ಮರಗಳಿದ್ದ ಕಡೆ ಈಗ ಬಳ್ಳಾರಿ ಜಾಲಿಯು ಹಬ್ಬಿದೆ.

ಪ್ರವಾಹದ ಲಯವೂ ಕೆಟ್ಟಿದೆ. ನಾರಾಯಣಪುರದ ಬಾಗಿಲುಗಳು ತೆರೆದಾಗ ದೇವದುರ್ಗ ತಾಲ್ಲೂಕಿನ ಹೂವಿನಹೆಡಗಿಯ ಸೇತುವೆಯು ಮುಳುಗುತ್ತದೆ. ೨೦೧೯ರ ಆಗಸ್ಟಿನಲ್ಲಿ ಹೀಗಾಯಿತು. ಬಾಗಿಲುಗಳು ಮುಚ್ಚಿದಾಗ ಅದೇ ಹೊಳೆಯಲ್ಲಿ ಬಂಡೆಗಳು ಮಾತ್ರ ಕಾಣುತ್ತವೆ. ಬೇಸಗೆಯಲ್ಲಿ ಊರುಗಳ ಕುಡಿಯುವ ನೀರಿಗೂ, ೧೯೮೫ರಿಂದ ವಿದ್ಯುತ್ತನ್ನು ಉತ್ಪಾದಿಸುತ್ತಿರುವ ಶಕ್ತಿನಗರದ ಶಾಖೋತ್ಪನ್ನ ಕೇಂದ್ರಕ್ಕೂ ಮೇಲಿನ ಜಲಾಶಯದಿಂದಲೇ ನೀರನ್ನು ಕೇಳಿ ಬಿಡಿಸಿಕೊಳ್ಳಬೇಕಾಗುತ್ತದೆ. ಗೂಗಲ್, ಗಿರಿಜಾಪುರಗಳಲ್ಲಿ ಕಟ್ಟಿದ ಬ್ಯಾರೇಜುಗಳು ಹರಿಯುವ ಹೊಳೆಯನ್ನು ನಿಂತ ನೀರಿನ ಸಾಲುಗಳನ್ನಾಗಿ ಮಾಡಿವೆ. ನಿಂತ ನೀರಿನಲ್ಲಿ ಕೆಲವು ಜೀವಿಗಳು ಬದುಕುತ್ತವೆ. ಹರಿಯುವ ನೀರನ್ನೇ ಬಯಸುವ ಮೀನುಗಳು ಬದುಕವು. ಇದರ ಮೇಲೆ ಮಾಲಿನ್ಯವೂ ಸೇರಿದೆ. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯು ೨೦೧೮ರಲ್ಲಿ ಗುರುತಿಸಿದ ಕರ್ನಾಟಕದ ೧೭ ಕಲುಷಿತ ನದೀಭಾಗಗಳಲ್ಲಿ, ದೇವದುರ್ಗದ ಗಡಿಯ ತಿಂಥಣಿ ಸೇತುವೆಯವರೆಗಿನ ಕೃಷ್ಣೆಯೂ ಒಂದು. ೨೦೨೨ರಲ್ಲಿ ರಾಯಚೂರು ನಗರದಲ್ಲಿ ಕಲುಷಿತವಾದ ಕುಡಿಯುವ ನೀರಿನಿಂದ ಜನರು ಅಸ್ವಸ್ಥರಾಗಿ ಕೆಲವರು ತೀರಿಹೋದುದನ್ನು ನಗರದವರು ಮರೆತಿಲ್ಲ.

೫

ಈ ಕತ್ತಲೆಯಲ್ಲಿ ಬೆಳಕಿನ ಒಂದೆರಡು ಕಿರಣಗಳೂ ಇವೆ. ೨೦೧೫ರಲ್ಲಿ ಕರ್ನಾಟಕ ಸರಕಾರವು ತುಂಗಭದ್ರಾ ಅಣೆಕಟ್ಟಿನ ಕೆಳಗಿನಿಂದ ಕಂಪ್ಲಿಯ ಸೇತುವೆಯವರೆಗೆ ಸುಮಾರು ೩೪ ಕಿಲೋಮೀಟರು ಉದ್ದದ ನದೀಭಾಗವನ್ನು ನೀರುನಾಯಿಗಳ ಸಂರಕ್ಷಿತ ಪ್ರದೇಶವೆಂದು ಘೋಷಿಸಿತು. ಭಾರತದಲ್ಲಿ ನೀರುನಾಯಿಗಾಗಿಯೇ ಏರ್ಪಟ್ಟ ಮೊದಲ ಪ್ರದೇಶವಿದು. ಇದರ ಎಡದಂಡೆಯು ಇಂದು ಕೊಪ್ಪಳ ಜಿಲ್ಲೆಗೆ ಸೇರಿದೆ. ೧೯೯೭ರವರೆಗೆ ಅದು ರಾಯಚೂರು ಜಿಲ್ಲೆಯೇ ಆಗಿತ್ತು. ಚರಿತ್ರೆಯ ವಿದ್ಯಾರ್ಥಿಗೆ ಇಲ್ಲಿ ಒಂದು ವಿಚಾರವು ಹೊಳೆಯುತ್ತದೆ. ನೀರುನಾಯಿಗಳು ಉಳಿದುಕೊಂಡ ಈ ಭಾಗವೂ ವಿಜಯನಗರದ ತಗ್ಗು ಅಣೆಗಳು ಒತ್ತಾಗಿರುವ ಭಾಗವೂ ಬಹುಮಟ್ಟಿಗೆ ಒಂದೇ. ಅಣೆಗಳಿಂದಲೇ ನೀರುನಾಯಿಗಳು ಉಳಿದುವೆಂದು ಹೇಳಲು ಆಧಾರವಿಲ್ಲ. ಬಂಡೆಗಳ ಸಂದುಗಳೂ ಮಡುಗಳೂ ಅಲ್ಲಿ ಪ್ರಕೃತಿದತ್ತವಾಗಿಯೇ ಇವೆ. ಆದರೆ ಐದು ಶತಮಾನಗಳ ನೀರಾವರಿಯೂ ನದಿಯ ಜೀವಿಗಳೂ ಒಂದೇ ಸ್ಥಳದಲ್ಲಿ ಬಾಳಬಹುದೆಂಬುದಕ್ಕೆ ಅದು ಸಾಕ್ಷಿಯಾಗಿದೆ. ಒಂದನ್ನು ಬಯಸಿದರೆ ಇನ್ನೊಂದನ್ನು ಬಿಡಲೇಬೇಕೆಂಬ ವಾದಕ್ಕೆ ಇದೇ ಉತ್ತರ. ಈ ಕಾಲುವೆಗಳ ಆಧುನೀಕರಣವನ್ನು ಕೈಗೊಂಡವರು ಹಳೆಯ ಕಲ್ಲುಕಟ್ಟಡದ ಈ ಗುಣವನ್ನು ಗಮನದಲ್ಲಿಡಬೇಕು.

ಎರಡನೆಯದಾಗಿ, ೨೦೧೦ರ ಡಿಸೆಂಬರಿನಲ್ಲಿ ವರದಿ ನೀಡಿದ ಕೃಷ್ಣಾ ಎರಡನೆಯ ನ್ಯಾಯಾಧಿಕರಣವು ಹಂಚಿಕೆಯ ಲೆಕ್ಕದಲ್ಲಿಯೇ ನದಿಯ ಕನಿಷ್ಠ ಹರಿವಿಗಾಗಿ ಒಂದು ಪಾಲನ್ನು ತೆಗೆದಿಟ್ಟಿತು; ಕರ್ನಾಟಕಕ್ಕೆ ಹೆಚ್ಚಾಗಿ ದೊರೆತ ನೀರಿನಲ್ಲಿ ೭ ಟಿ.ಎಂ.ಸಿ. ಈ ಉದ್ದೇಶಕ್ಕೆ ಮೀಸಲಾಯಿತು. ಸರ್ವೋಚ್ಚ ನ್ಯಾಯಾಲಯದ ೨೦೧೧ರ ಆಜ್ಞೆಯಿಂದ ಆ ತೀರ್ಪಿನ ಪ್ರಕಟಣೆಯು ತಡೆಯಲ್ಪಟ್ಟಿತು. ಮೊತ್ತವು ಅಲ್ಪವೆನ್ನುವವರುಂಟು. ಅಲ್ಪವಾದರೂ ತತ್ತ್ವವು ದೊಡ್ಡದು: ಸೊನ್ನೆಯಿದ್ದ ಕಡೆ ಒಂದು ಅಂಕಿ ಬಿದ್ದಿತು. ನಮ್ಮ ಶಾಸನಗಳ ಭಾಷೆಯಲ್ಲಿ ಹೇಳುವುದಾದರೆ, ಇದು ನದಿಗೆ ಬಿಟ್ಟ ಬಿತ್ತುವಟ್ಟ. ಕೆರೆಗೆ ಬೇಕಾದ ಪಾಲನ್ನು ಮೊದಲು ತೆಗೆದಿಟ್ಟು ಉಳಿದುದನ್ನು ಉಂಡವರ ವಂಶಜರಿಗೆ ಈ ತತ್ತ್ವವು ಪರದೇಶದಿಂದ ಬಂದುದೆಂದು ತೋರಬೇಕಾದ ಕಾರಣವಿಲ್ಲ.

ಮೂರನೆಯದಾಗಿ ಮರಳು. ಐದು ಹೆಕ್ಟೇರಿಗಿಂತ ಕಡಮೆಯಾದ ಗಣಿಗೂ ಪರಿಸರದ ಅನುಮತಿ ಬೇಕೆಂದು ಸರ್ವೋಚ್ಚ ನ್ಯಾಯಾಲಯವು ೨೦೧೨ರ ಫೆಬ್ರವರಿಯಲ್ಲಿ ವಿಧಿಸಿತು. ೨೦೧೬ ಮತ್ತು ೨೦೨೦ರಲ್ಲಿ ಕೇಂದ್ರ ಸರಕಾರವು ಮಾರ್ಗಸೂಚಿಗಳನ್ನು ಹೊರಡಿಸಿತು. ಮಳೆಗಾಲದಲ್ಲಿ ನದಿಯು ಎಷ್ಟು ಮರಳನ್ನು ಹೊಸದಾಗಿ ತಂದಿತೆಂಬುದನ್ನು ಅಳೆದು, ಅದರ ಮಿತಿಯಲ್ಲಿಯೇ ತೆಗೆಯಬೇಕೆಂಬುದು ಅವುಗಳ ಸಾರ. ಇದು ಬಡ್ಡಿಯನ್ನು ಉಣ್ಣು, ಗಂಟನ್ನು ಮುಟ್ಟಬೇಡ ಎಂಬ ಒಕ್ಕಲಿಗನ ನೀತಿಯೇ ಆಗಿದೆ. ಕಾಯಿದೆಯಿದೆ, ಅದನ್ನು ನಡೆಸುವ ಬಲವು ದಡದಲ್ಲಿ ಸಾಲದು.

ಇತರ ದೇಶಗಳ ಅನುಭವವೂ ಬೋಧಪ್ರದವಾಗಿದೆ. ಅಮೆರಿಕದ ಫ್ಲಾರಿಡಾದಲ್ಲಿ ೧೦೩ ಮೈಲಿಗಳಷ್ಟು ಬಳುಕಿ ಹರಿಯುತ್ತಿದ್ದ ಕಿಸಿಮ್ಮಿ ಎಂಬ ನದಿಯನ್ನು ನೆರೆಯ ಭಯದಿಂದ ೧೯೬೨ರಿಂದ ೧೯೭೧ರ ವರೆಗೆ ೫೬ ಮೈಲಿಗಳ ನೇರವಾದ ಕಾಲುವೆಯನ್ನಾಗಿ ಮಾಡಿದರು. ಹಕ್ಕಿಗಳೂ ಮೀನುಗಳೂ ಕಡಮೆಯಾದುವು. ೧೯೯೯ರಲ್ಲಿ ಆ ಕಾಲುವೆಯ ಒಂದು ಭಾಗವನ್ನು ಮುಚ್ಚಿ ನದಿಯನ್ನು ಹಳೆಯ ತಿರುವುಗಳಿಗೆ ಬಿಡತೊಡಗಿದರು. ಕೆಲಸವು ೨೦೨೧ರಲ್ಲಿ ಮುಗಿಯಿತು. ಕೆಡಿಸಲು ಒಂಬತ್ತು ವರ್ಷಗಳು, ಅದರಲ್ಲಿ ಒಂದು ಭಾಗವನ್ನು ಸರಿಪಡಿಸಲು ಇಪ್ಪತ್ತೆರಡು ವರ್ಷಗ‌ಳು. ಅವರಿಗೆ ಹಳೆಯ ತಿರುವುಗಳು ಎಲ್ಲಿದ್ದುವೆಂಬ ನಕ್ಷೆಗಳಿದ್ದುವೆಂಬುದನ್ನು ಮರೆಯಬಾರದು. ಹಾಲೆಂಡಿನವರು ಶತಮಾನಗಳ ಕಾಲ ಕಟ್ಟೆಗಳನ್ನು ಎತ್ತರಿಸುತ್ತ ಬಂದು, ಈ ಶತಮಾನದಲ್ಲಿ ಕಟ್ಟೆಗಳನ್ನು ಹಿಂದಕ್ಕೆ ಸರಿಸಿ ನದಿಗೆ ಸ್ಥಳವನ್ನು ಬಿಟ್ಟುಕೊಟ್ಟರು. ೨೦೦೯ರ ಅಕ್ಟೋಬರಿನಲ್ಲಿ ಮಂತ್ರಾಲಯವನ್ನೂ ನಮ್ಮ ನದೀತೀರದ ಹಳ್ಳಿಗಳನ್ನೂ ನೆರೆಯು ಮುಳುಗಿಸಿದುದನ್ನು ಕಂಡವರಿಗೆ, ನದಿಗೆ ಸ್ಥಳ ಬೇಕೆಂಬ ಮಾತಿನ ಅರ್ಥವನ್ನು ವಿವರಿಸಬೇಕಾಗಿಲ್ಲ.

೬

ಇಲ್ಲಿ ಒಂದು ಆಕ್ಷೇಪಣೆಯನ್ನು ಎದುರಿಸಲೇಬೇಕು. ಎಡದಂಡೆ ಕಾಲುವೆಯ ತುದಿಯಲ್ಲಿರುವ ಮಾನವಿ ಮತ್ತು ರಾಯಚೂರು ತಾಲ್ಲೂಕುಗಳ ರೈತರಿಗೆ ತಮ್ಮ ಪಾಲಿನ ನೀರೇ ಸರಿಯಾಗಿ ಬರುತ್ತಿಲ್ಲ. ಅವರ ಮುಂದೆ ನಿಂತು ಮೀನಿಗೂ ನೀರುನಾಯಿಗೂ ನೀರು ಬಿಡಿರೆಂದು ಹೇಳುವುದು ಕ್ರೂರವಲ್ಲವೇ? ವಿಚಾರಿಸಿ ನೋಡಿದರೆ ಇವರಿಬ್ಬರ ಕಷ್ಟಕ್ಕೂ ಮೂಲವು ಒಂದೇ ಎಂದು ಕಂಡುಬರುತ್ತದೆ. ಈ ಕಾಲುವೆಯನ್ನು ಯೋಜಿಸಿದವರು ಹೆಚ್ಚಿನ ಭೂಮಿಗೆ ಜೋಳ, ಹತ್ತಿ ಮುಂತಾದ ಅಲ್ಪಜಲದ ಬೆಳೆಗಳನ್ನೇ ಗೊತ್ತುಪಡಿಸಿದ್ದರು; ಕ್ಷಾಮವನ್ನು ತಡೆಯುವುದು ಅವರ ಗುರಿ. ಆದರೆ ತಲೆಭಾಗದಲ್ಲಿ ಬತ್ತವು ಹಬ್ಬಿತು. ಅಲ್ಲಿ ನೀರು ಹೆಚ್ಚಾಗಿ ಭೂಮಿಯು ಜೌಗಾಗಿ ಸವಳಾಯಿತು. ತುದಿಯಲ್ಲಿ ನೀರಿಲ್ಲದೆ ಭೂಮಿಯು ಒಣಗಿತು. ಹೀಗೆ ತುದಿಯ ರೈತನೂ ಕೆಳಗಿನ ನದಿಯೂ ಒಂದೇ ಪಂಕ್ತಿಯ ಕೊನೆಯಲ್ಲಿ ಕುಳಿತವರು. ಮೊದಲು ಕುಳಿತವರು ಎಲ್ಲವನ್ನೂ ಬಡಿಸಿಕೊಂಡ ಮೇಲೆ ಉಳಿದುದು ಇವರಿಗೆ. ಹಂಚಿಕೆಯಲ್ಲಿ ನ್ಯಾಯವುಂಟಾದರೆ ಇಬ್ಬರಿಗೂ ಉಂಟಾಗುತ್ತದೆ. ಅದಿಲ್ಲದೆ ನದಿಯ ಪಾಲನ್ನು ತುದಿಯ ರೈತನಿಂದಲೇ ಕಿತ್ತುಕೊಂಡರೆ ಅದು ನದಿಯ ರಕ್ಷಣೆಯಲ್ಲ, ಹೊಸದೊಂದು ಅನ್ಯಾಯ.

ಕಟ್ಟಡಗಳನ್ನು ಪೋಷಿಸದಿದ್ದರೆ ಏನಾಗುತ್ತದೆಂಬುದನ್ನು ೨೦೨೪ರ ಆಗಸ್ಟ್ ೧೦ರ ರಾತ್ರಿ ನಾವೆಲ್ಲರೂ ಕಂಡೆವು. ತುಂಗಭದ್ರಾ ಅಣೆಕಟ್ಟಿನ ೧೯ನೆಯ ಬಾಗಿಲು ಸರಪಳಿ ಕಡಿದು ಕೊಚ್ಚಿಹೋಯಿತು. ತಾತ್ಕಾಲಿಕ ಬಾಗಿಲನ್ನು ಇಳಿಸುವವರೆಗೆ ರೈತರು ಕೂಡಿಟ್ಟ ನೀರು ಹರಿದುಹೋಗುವುದನ್ನು ನೋಡುತ್ತ ನಿಂತರು. ಎಪ್ಪತ್ತು ವರ್ಷಗಳ ಕಾಲ ಉಂಡವರು ಬಿತ್ತುವಟ್ಟವನ್ನು ಮರೆತುದರ ಫಲವಿದು.

ಹಾಗಾದರೆ ಎಡೆದೊರೆಯಲ್ಲಿ ಆಗಬೇಕಾದುದೇನು? ಅಣೆಕಟ್ಟುಗಳನ್ನು ಒಡೆಯಬೇಕೆಂದು ಯಾರೂ ಕೇಳುತ್ತಿಲ್ಲ. ರಾಜೋಳಿಬಂಡಾ ಮತ್ತು ಬಿಚ್ಚಾಲಿಯ ಅಣೆಗಳ ಕೆಳಗೆ ಫಾಲ್ಗುಣದಿಂದ ಜ್ಯೇಷ್ಠದವರೆಗೆ ಹೊಳೆಯು ಒಡೆಯದೆ ಹರಿಯುವಷ್ಟು ನೀರನ್ನು ಗೊತ್ತುಪಡಿಸಬೇಕು. ನಾರಾಯಣಪುರದ ನೀರನ್ನು ಒಮ್ಮೆಲೆ ಬಿಡದೆ, ಒಮ್ಮೆಲೆ ನಿಲ್ಲಿಸದೆ, ಸಾಧ್ಯವಾದಷ್ಟು ಕ್ರಮವಾಗಿ ಏರಿಸಿ ಇಳಿಸಬೇಕು. ದೇವದುರ್ಗ ಮಾನವಿಗಳಲ್ಲಿ ಮರಳಿನ ಕೆಲವು ದಿಣ್ಣೆಗಳನ್ನು ಮೊಟ್ಟೆಯಿಡುವ ತಾಣಗಳೆಂದು ಗುರುತಿಸಿ ಮುಟ್ಟದೆ ಬಿಡಬೇಕು. ದಡದಲ್ಲಿ ಹೊಳೆಮತ್ತಿ ನೇರಳೆಗಳನ್ನು ನೆಡುವ ಕೆಲಸವನ್ನು ಆಯಾ ಹಳ್ಳಿಯವರಿಗೇ ವಹಿಸಬೇಕು. ರಾಯಚೂರು ನಗರದ ಮಾವಿನಕೆರೆಯಂತಹ ಕೆರೆಗಳನ್ನೂ ಈ ಲೆಕ್ಕದಲ್ಲಿಯೇ ಸೇರಿಸಬೇಕು. ಊರಿನ ಕೆರೆಯನ್ನು ಉಳಿಸಿಕೊಳ್ಳಲಾರದವರು ಹೊಳೆಯನ್ನು ಉಳಿಸಿಕೊಳ್ಳುವರೆಂದು ನಂಬುವುದು ಕಷ್ಟ.

ಚರಿತ್ರೆಯ ವಿಭಾಗದವರಿಗೂ ಇದರಲ್ಲಿ ಕರ್ತವ್ಯವಿದೆ. ನದಿಯನ್ನು ಹಿಂದಿನ ಸ್ಥಿತಿಗೆ ತರಬೇಕಾದರೆ ಹಿಂದಿನ ಸ್ಥಿತಿಯು ಏನೆಂದು ತಿಳಿದಿರಬೇಕು. ಅದನ್ನು ಹೇಳಬಲ್ಲವು ಶಾಸನಗಳು, ಪ್ರವಾಸಿಗಳ ಬರಹಗಳು, ಗ್ರಾಮನಕ್ಷೆಗಳು, ಹಳೆಯ ಭೂಮಾಪನದ ಹಾಳೆಗಳು, ಕಾಲುವೆಯ ಕಚೇರಿಯ ಕಡತಗಳು. ಇವೆಲ್ಲಕ್ಕಿಂತ ಹೆಚ್ಚಾಗಿ ಅಂಬಿಗರ ಮತ್ತು ಮೀನುಗಾರರ ನೆನಪುಗಳು. ಒಂದು ಬೇಸಗೆಯಲ್ಲಿ ಈ ಲೇಖಕನು ವಿದ್ಯಾರ್ಥಿಗಳೊಡನೆ ರಾಜೋಳಿಬಂಡಾದ ಅಣೆಯನ್ನು ನೋಡಲು ಹೋಗಿದ್ದಾಗ, ದಡದಲ್ಲಿ ಬಲೆಯನ್ನು ಹೆಣೆಯುತ್ತಿದ್ದ ಮುದುಕರೊಬ್ಬರು ಮೀನುಗಳ ಹೆಸರುಗಳನ್ನು ಒಂದೊಂದಾಗಿ ಹೇಳುತ್ತ ಹೋದರು. ವಿದ್ಯಾರ್ಥಿಗಳು ಬರೆದುಕೊಂಡರು. ಪಟ್ಟಿಯು ಮುಗಿದ ಮೇಲೆ, ಇವುಗಳಲ್ಲಿ ಈಗ ಬಲೆಗೆ ಬೀಳುವುವು ಯಾವುವೆಂದು ಕೇಳಿದೆವು. ಅವರು ಪಟ್ಟಿಯನ್ನು ಮತ್ತೊಮ್ಮೆ ಓದಿಸಿ, ಅರ್ಧಕ್ಕಿಂತ ಹೆಚ್ಚು ಹೆಸರುಗಳಿಗೆ ಇಲ್ಲವೆಂದು ತಲೆಯಾಡಿಸಿದರು.

ಆ ಪಟ್ಟಿಯು ನಮ್ಮ ವಿಭಾಗದಲ್ಲಿದೆ. ಎಡೆದೊರೆ ನಾಡಿನ ಇನ್ನುಳಿದ ದಡಗಳಲ್ಲಿಯೂ ಇಂತಹ ಪಟ್ಟಿಗಳನ್ನು, ಹೇಳಬಲ್ಲವರು ಇರುವಾಗಲೇ, ಸಂಗ್ರಹಿಸಿಡಬೇಕು. ಹೆಸರೂ ಮರೆತುಹೋದ ಮೇಲೆ, ಇಂಥದನ್ನು ಕಳೆದುಕೊಂಡೆವೆಂದು ಹೇಳಲು ಸಹ ನಮಗೆ ಆಧಾರವಿರದು.